ಅನೆಗಾಡಾದ ಕೆಂಪು ಬೋಯಾ

ಮಾರ್ಚ್ 16, 1996, ಶನಿವಾರ. ಹರ್ನ್‌ಡನ್

ಬೆಳಿಗ್ಗೆ ಲಾಂಡ್ರಿ. ಆಮೇಲೆ ಅನಾಪೊಲಿಸ್‌ಗೆ ಡ್ರೈವ್, ಹಾಯಿದೋಣಿ ನಡೆಸುವ ಸೇಲಿಂಗ್ ಕ್ಲಾಸಿನ ಕೊನೆಯ ದಿನ. ಒಬ್ಬಳೇ ಹೋದೆ. ಇವರಿಗೆ ಆಫೀಸಿನಲ್ಲಿ ಸರ್ವರ್ ಕೆಟ್ಟಿತ್ತು.

ಇಂದಿನ ಪಾಠ ಬೋಯಾಗಳದ್ದು. ಬಂದರಿನ ದಾರಿ ತೋರಿಸಲು ನೀರಿನಲ್ಲಿ ತೇಲಿಬಿಟ್ಟ ಕೆಂಪು, ಹಸಿರು ಗುರುತುಗಳು. ಅಮೆರಿಕದ ಸುತ್ತ, ಕೆರಿಬಿಯನ್ ಸೇರಿ, ಸಮುದ್ರದಿಂದ ಒಳಗೆ ಬರುವಾಗ ಕೆಂಪು ನಮ್ಮ ಬಲಕ್ಕಿರಬೇಕು. ಭಾರತದಲ್ಲಿ ಎಡಕ್ಕೆ. ತಪ್ಪಿದರೆ ಬಂಡೆ.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಇವರು ನಕ್ಕರು.

"ಮಲ್ಪೆಯಲ್ಲಿ ಅಪ್ಪನ ದೋಣಿಯಲ್ಲೇ ಬೆಳೆದವ ನಾನು. ನನಗೆ ನೀನು ಬಂದರು ಹೊಗಲಿಕ್ಕೆ ಕಲಿಸುದಾ ಮಾರಾಯ್ತಿ?"

ಕೇಳಿಸಿಕೊಂಡರೋ ಇಲ್ಲವೋ.

ಮಾರ್ಚ್ 30, ಶನಿವಾರ. ಟಾರ್ಟೋಲಾ

ಒಂದು ವಾರದ ರಜೆಗೆ ಕೆರಿಬಿಯನ್ ದ್ವೀಪಗಳಿಗೆ ಬಂದಿದ್ದೇವೆ. ಬಾಡಿಗೆ ಬೋಟ್ ಕೈಗೆ ಬಂತು. ನಾವು ಮೂವರು — ಇವರು, ನಾನು, ಇವರ ಸ್ನೇಹಿತ ಡಾಕ್ಟರ್ ಬಸವಕುಮಾರ್. ಧಾರವಾಡದವರು, ಫೇರ್‌ಫ್ಯಾಕ್ಸ್‌ನಲ್ಲಿ ಮಕ್ಕಳ ಡಾಕ್ಟರ್. ಈಜು ಬಾರದು. ಲೈಫ್ ಜಾಕೆಟ್ ತೊಟ್ಟೇ ಕಾಫಿ ಕುಡಿಯುತ್ತಾರೆ.

ಹೊರಡುವ ಮುನ್ನ ಇವರು ಇಲ್ಲಿನ ಅಂಗಡಿಯ ತೆಂಗಿನಕಾಯಿಗೆ ಲ್ಯಾನ್‌ಹ್ಯಾಮ್ ದೇವಸ್ಥಾನದ ಕುಂಕುಮ ಹಚ್ಚಿ ಸಮುದ್ರಕ್ಕೆ ಬಿಟ್ಟರು. ಮಳೆಗಾಲ ಕಳೆದು ದೋಣಿ ಇಳಿಸುವ ದಿನ ಮಾವ ಹೀಗೆ ಮಾಡುತ್ತಿದ್ದರಂತೆ. ಅಲೆ ಕಾಯಿಯನ್ನು ಮತ್ತೆ ತಂದು ಬೋಟಿಗೆ ಬಡಿಯಿತು.

"ಒಲ್ಲೆ ಅಂತದ ನೋಡ್ರಿ, ಕ್ಯಾಪ್ಟನ್ನರ" ಎಂದರು ಡಾಕ್ಟರು. ನಕ್ಕೆವು. ನನಗೆ ಪೂರ್ತಿ ನಗು ಬರಲಿಲ್ಲ.

ಏಪ್ರಿಲ್ 2, ಮಂಗಳವಾರ. ವರ್ಜಿನ್ ಗೋರ್ಡಾ

ಪೇಫೋನಿನಿಂದ ಮಗಳಿಗೆ ಕಾಲ್. ಸುರಕ್ಷಾ ಡಾಕ್ಟರ ಮನೆಯಲ್ಲಿದ್ದಾಳೆ, ಅವರ ಹೆಂಡತಿಯ ಜೊತೆ. "ಅಮ್ಮಾ, ಸಂಡೇ ಬರ್ತೀರಾ? ಪ್ರಾಮಿಸ್?" ಪ್ರಾಮಿಸ್ ಎಂದೆ.

ನಾಳೆ ಅನೆಗಾಡಾ ದ್ವೀಪ. ಸುತ್ತಲೂ ಹವಳದ ಬಂಡೆ. ಸೂರ್ಯ ನೆತ್ತಿಯ ಮೇಲಿರುವಾಗಲೇ ತಲುಪಬೇಕು, ಆಗ ಮಾತ್ರ ಬಂಡೆ ಕಣ್ಣಿಗೆ ಬೀಳುತ್ತದೆ ಎಂದಿದ್ದಾರೆ ಬೋಟ್ ಆಫೀಸಿನವರು.

ಏಪ್ರಿಲ್ 4, ಗುರುವಾರ. ಸಂಜೆ, ನಾಲ್ಕು ಕಳೆದಿದೆ

ನಿನ್ನೆ ಗಾಳಿ ಜೋರು, ಹೊರಡಲಿಲ್ಲ. ಇಂದು ಗಾಳಿ ತಗ್ಗಲಿ ಎಂದು ಮಧ್ಯಾಹ್ನದವರೆಗೆ ಕಾದೆವು. ತಗ್ಗಲಿಲ್ಲ. ಇನ್ನು ಕಾದರೆ ದಿನವಿಲ್ಲ ಎಂದರು ಇವರು, ಹೊರಟೆವು.

ಸೂರ್ಯ ಇಳಿದಿದೆ. ನೀರು ತಗಡಿನಂತೆ ಹೊಳೆಯುತ್ತಿದೆ, ಕೆಳಗೆ ಏನಿದೆ ತಿಳಿಯದು. ದ್ವೀಪವೂ ಕಾಣುತ್ತಿಲ್ಲ. ಮರಗಳ ತಲೆ ಮಾತ್ರ, ನೀರಿನಿಂದಲೇ ಎದ್ದಂತೆ. ಹಿಂತಿರುಗೋಣ ಎಂದೆ. ಇಷ್ಟು ಬಂದ ಮೇಲೆ ಬೇಡ ಎಂದರು ಇವರು.

ಐದೂವರೆ

ಬಡಿಯಿತು.

ಕೆಂಪು ಬೋಯಾ ಎದುರಾದಾಗ "ಬಲಕ್ಕಿರಲಿ" ಎಂದು ಕೂಗಿದೆ. ಇವರು ಹೂಂ ಅಂದರು. ಬಾಯಿ ಹೂಂ ಅಂದಿತು, ಕೈ ಮಲ್ಪೆಯ ಅಭ್ಯಾಸದಂತೆ ಚಕ್ರ ತಿರುಗಿಸಿತು. ಕೆಂಪು ನಮ್ಮ ಎಡಕ್ಕೆ ದಾಟಿತು. ಆಮೇಲೆ ಕೆಳಗಿನಿಂದ ಗರಗಸದ ಸದ್ದು. ಚುಕ್ಕಾಣಿ ಬಂಡೆಗೆ ತಾಗಿ ಚಕ್ರ ಗಿರ್ರನೆ ತಿರುಗಿತು. ಇವರ ಬಲ ಮಣಿಕಟ್ಟು ಮುರಿದಿದೆ. ಡಾಕ್ಟರು ಮರದ ಸೌಟು ಆಸರೆಗಿಟ್ಟು ಟವೆಲ್ ಕಟ್ಟಿದರು. ಕಟ್ಟಿ ಮುಗಿದ ಮೇಲೆ ತಮ್ಮ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದುಕೊಂಡರು.

ಎಂಜಿನ್ ಹಿಂದಕ್ಕೆ ಕೊಟ್ಟು ಬಿಡಿಸಿಕೊಂಡೆವು. ಬೋಯಾದಿಂದ ಹೊರಗೆ, ಸಮುದ್ರದ ಕಡೆಗೆ ಬಂದು ಲಂಗರು ಹಾಕಿದೆವು. ಜಾರುತ್ತಿದೆ. ಕ್ಯಾಬಿನ್ನಿನಲ್ಲಿ ಪಾದ ಮುಳುಗುವಷ್ಟು ನೀರು. ಪಂಪ್ ಓಡುತ್ತಲೇ ಇದೆ, ನೀರು ಇಳಿಯುತ್ತಿಲ್ಲ.

ಆರು

ರೇಡಿಯೋದಲ್ಲಿ ದ್ವೀಪದವನೊಬ್ಬ ಸಿಕ್ಕ. ಈ ಗಾಳಿಗೆ ನಮ್ಮ ದೋಣಿ ಹೊರಡದು, ಕತ್ತಲಾಗುವ ಮೊದಲು ನೀವೇ ಒಳಗೆ ಬನ್ನಿ, ಜೆಟ್ಟಿಯಲ್ಲಿ ಕಾಯುತ್ತೇವೆ ಎಂದ. ಬೋಯಾ ಯಾವ ಕಡೆ ಎಂದು ಕೇಳುವಷ್ಟರಲ್ಲಿ ರೇಡಿಯೋ ಸತ್ತಿತು. ನೀರು ಬ್ಯಾಟರಿ ಮುಟ್ಟಿರಬೇಕು. ಪಂಪೂ ನಿಂತಿದೆ. ಡೀಸೆಲ್ ಎಂಜಿನ್ ಮಾತ್ರ ಓಡುತ್ತಿದೆ, ಒಮ್ಮೆ ಶುರುವಾದರೆ ಅದಕ್ಕೆ ಬ್ಯಾಟರಿ ಬೇಡ.

ಡಾಕ್ಟರು ಬಕೆಟ್ ಹಿಡಿದಿದ್ದಾರೆ. "ವೈನಿ, ನಂಗ ಈಜಾಕ ಬರಂಗಿಲ್ಲ" ಎಂದರು, ಮೆಲ್ಲಗೆ. ನೀರು ಎತ್ತಿ ಚೆಲ್ಲುತ್ತಲೇ ಇದ್ದರು.

ಇವರು ಬಿಳಿಚಿಕೊಂಡು ಒರಗಿದ್ದಾರೆ. "ಕುಸುಮಾ, ಚಕ್ರ ನೀನೇ ಹಿಡಿ. ನಾನೆಂತ ಹೇಳಿದ್ರೂ ಕೇಳ್ಬೇಡ."

ಗೊತ್ತಿರುವುದು ಇಷ್ಟು. ಕೆಂಪನ್ನು ಎಡಕ್ಕೆ ಬಿಟ್ಟೆವು, ಬಡಿಯಿತು. ಅದು ನೋಡಿದ್ದು. ಬಲಕ್ಕೆ ಬಿಟ್ಟರೆ ಬಡಿಯದು ಎಂಬುದು ಪಾಠದಲ್ಲಿ ಕೇಳಿದ್ದು, ಇನ್ನೂ ನೋಡಿಲ್ಲ. ಇನ್ನೊಂದು ಸಲ ಬಡಿದರೆ ಈ ಬೋಟು ತಾಳದು.

ಡಾಕ್ಟರು ಲಂಗರು ಎಳೆಯಲು ಹೋಗಿದ್ದಾರೆ. ಅಷ್ಟರವರೆಗೆ ಚಕ್ರಕ್ಕೆ ಒರಗಿ ಬರೆಯುತ್ತಿದ್ದೇನೆ. ಬೋಯಾದ ಬಣ್ಣ ಮಾಸುತ್ತಿದೆ... ಕೆಂಪು. ಕೆಂಪೇ. ಇವರು ಎಡಗೈ ಎತ್ತಿ, "ಕೆಂಪು ಎಡಕ್ಕೆ, ಕುಸುಮಾ, ಎಡಕ್ಕೆ" ಎನ್ನುತ್ತಿದ್ದಾರೆ. ಇವರ ಕಣ್ಣು ಮುಚ್ಚಿದೆ. ಕೇಳುವುದಿಲ್ಲ.

ಲಂಗರು ಎದ್ದಿತು. ಕೆಂಪು ಬಲ —