ಎಡಗಾಲಿನ ವಿಷಯ

ಲೇಡೀಸ್ ಹಾಸ್ಟೆಲ್, ಹೊಸಪೇಟೆ
12 ನವೆಂಬರ್ 2024, ಮಂಗಳವಾರ

ಪ್ರೀತಿಯ ದೊಡ್ಡವ್ವನಿಗೆ,

ನಿಮ್ಮ ತಂಗಿ ವಿರುಪಮ್ಮನ ಕಿರಿಮಗಳು ಪಲ್ಲವಿ ಮಾಡುವ ನಮಸ್ಕಾರ. ಕಂಪ್ಲಿಯಲ್ಲಿ ಎಲ್ಲರೂ ಆರಾಮ ಇದ್ದೀರಾ? ನಿಮಗೆ ಮೊಣಕಾಲು ನೋವು ಅಂತ ಯಾರೋ ಹೇಳಿದರು, ಈಗ ಹೇಗಿದೆ? ನಮ್ಮೂರು ಗಾದಿಗನೂರಿನ ಯಾರ ನಂಬರ್ ನೋಡಿದರೂ ನೀವು ಫೋನ್ ಎತ್ತುವುದಿಲ್ಲ, ಅದಕ್ಕೇ ಪತ್ರ. ಹಾಸ್ಟೆಲಿನಲ್ಲೇ ಓದಿ ಬೆಳೆದವಳು, ನನ್ನ ಕನ್ನಡ ಅರ್ಧ ಇಂಗ್ಲಿಷ್. ಅಡ್ಜಸ್ಟ್ ಮಾಡಿಕೊಳ್ಳಿ. ನನ್ನ ಕಾಲಿಗೆಂದು ನೀವು ವರ್ಷಾ ವರ್ಷಾ ಕಳಿಸುವ ಎಣ್ಣೆ ಈ ಸಲವೂ ಮುಟ್ಟಿದೆ. ನಿಜ ಹೇಳಬೇಕೆಂದರೆ ಕಾಲಿಗೆ ಹಚ್ಚಿಲ್ಲ, ತಲೆಗೆ ಹಚ್ಚುತ್ತೇನೆ. ಕೂದಲು ಮಸ್ತ್ ಬೆಳೆದಿದೆ.

ನಾನೀಗ ಫಿಸಿಯೋಥೆರಪಿ ಮೊದಲ ವರ್ಷ. ಇಂಟರ್ನಲ್ಸ್ ಪರೀಕ್ಷೆಯ ಭಯಕ್ಕೆ ಊಟ ಸೇರುವುದಿಲ್ಲ, ಅದು ಬೇರೆ ಮಾತು. ಹೋದ ತಿಂಗಳು ಸೊಂಟದ ಕೀಲಿನ ಪಾಠ ಮಾಡುತ್ತಿದ್ದ ಮೇಡಂ, ನಾನು ಬೋರ್ಡಿನ ಹತ್ತಿರ ನಡೆದು ಹೋಗಿದ್ದನ್ನು ನೋಡಿ, ಕ್ಲಾಸ್ ಮುಗಿದ ಮೇಲೆ ಕರೆದರು. ಕುಂಟುವುದು ಯಾವಾಗಿನಿಂದ ಅಂತ ಕೇಳಿದರು. ಮನೆಯಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಉತ್ತರ ಹೇಳಿದೆ: ನಲವತ್ತು ದಿನದ ಕೂಸಾಗಿದ್ದಾಗ ದೊಡ್ಡವ್ವ ನೀರು ಎರೆಯುತ್ತಿದ್ದಳು, ಕೈ ಜಾರಿ ಬಚ್ಚಲ ಕಲ್ಲಿನ ಮೇಲೆ ಬಿದ್ದೆ. ಮೇಡಂ ಎಕ್ಸ್‌ರೇಗೆ ಚೀಟಿ ಬರೆದುಕೊಟ್ಟರು.

ಮೂಳೆ ಡಾಕ್ಟರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ತೊಡೆಮೂಳೆಯ ತುದಿ ಚೆಂಡಿನಂತೆ, ಅದು ಕೂರುವ ಸೊಂಟದ ಗುಳಿ ಬಟ್ಟಲಿನಂತೆ ಇರಬೇಕು. ನನ್ನ ಎಡಗಡೆಯ ಬಟ್ಟಲು ತಟ್ಟೆಯಂತೆ ಚಪ್ಪಟೆ. ಚೆಂಡು ಅದರೊಳಗೆ ಕೂತೇ ಇಲ್ಲ, ಮೇಲಕ್ಕೆ ಸರಿದಿದೆ. ಹುಟ್ಟಿನಿಂದಲೇ ಬಂದ ತೊಂದರೆ, ಬಿದ್ದರೆ ಹೀಗಾಗುವುದಿಲ್ಲ. ಎಳೆಯದರಲ್ಲೇ ಗೊತ್ತಾಗಿದ್ದರೆ ಬರೀ ಬೆಲ್ಟು ಕಟ್ಟಿ ಸರಿಮಾಡಬಹುದಿತ್ತು. ನನಗೆ ಇನ್ನು ಆಪರೇಷನ್ನೇ, ಅದಕ್ಕೂ ಈಗ ಅವಸರವಿಲ್ಲ. ಬಿದ್ದದ್ದರಿಂದ ಅಲ್ಲವಾ ಸಾರ್ ಅಂತ ಎರಡು ಸಲ ಕೇಳಿದೆ. "ಅಲ್ಲಮ್ಮ" ಅಂದರು, ಎರಡೂ ಸಲ.

ಆಮೇಲೆ ಮನೆಯಲ್ಲಿ ಚಿಕ್ಕ ಕೂಸು ಇದೆಯಾ ಅಂತ ಅವರೇ ಕೇಳಿದರು. ಅಕ್ಕ ಸುಷ್ಮಿತಾಗೆ ಮಗಳು ಹುಟ್ಟಿ ಆಗ ಐದು ವಾರ. ಹೊಟ್ಟೆಯಲ್ಲಿ ಕೊನೆಯವರೆಗೂ ತಲೆ ಮೇಲೆ ಮಾಡಿಕೊಂಡೇ ಕೂತಿದ್ದ ಕೂಸು. ಹೆಣ್ಣು, ಉಲ್ಟಾ ಇದ್ದದ್ದು, ಚಿಕ್ಕಮ್ಮನಾದ ನಿನಗೂ ಇದೆ, ಕೂಸಿಗೂ ಇರಬಹುದು, ಕರೆದುಕೊಂಡು ಬಾ ಅಂದರು. ಅವ್ವ ಎರೆದ ಮೇಲೆ ಅದರ ಕಾಲು ಜೋಡಿಸಿ, ನೆಟ್ಟಗೆ ಎಳೆದು, ಹಳೇ ಸೀರೆಯ ಚೂರಿನಲ್ಲಿ ಬಿಗಿಯಾಗಿ ಸುತ್ತುತ್ತಿದ್ದಳು. ಹಾಗೆ ಸುತ್ತುವುದು ಕೀಲಿಗೆ ಕೆಟ್ಟದ್ದು ಅಂದರೆ, "ಸುತ್ತಲಿಲ್ಲಂದ್ರ ಕಾಲು ಸೊಟ್ಟ ಆಗ್ತಾವ ಲೇ, ಎರಡು ಪುಸ್ತಕ ಓದಿ ನನಗ ಹೇಳಾಕ ಬರ್ತೀಯೇನು" ಅಂತ ಬೈದಳು. ಆರನೇ ವಾರ ಸ್ಕ್ಯಾನ್ ಆಯಿತು. ಎಡಗಡೆಯೇ, ನನ್ನ ಹಾಗೆಯೇ. ಈಗ ಭುಜದಿಂದ ಪಾದದವರೆಗೆ ಬೆಲ್ಟು, ಕಾಲು ಕಪ್ಪೆಯಂತೆ ಅಗಲ. ಹಗಲೂ ರಾತ್ರಿ ಬಿಚ್ಚುವಂತಿಲ್ಲ. ಎರೆಯುವುದೂ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಹೀಗೇ ಮೂರು ತಿಂಗಳು ಇಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದಂತೆ.

ಬಿಚ್ಚದೆ ಇರುವುದೇ ಕಷ್ಟ. ಕೂಸು ಅತ್ತರೆ ಅಕ್ಕನೂ ಅಳುತ್ತಾಳೆ, ಅವ್ವನ ಕೈ ಬೆಲ್ಟಿಗೆ ಹೋಗುತ್ತದೆ. ಶನಿವಾರ ನಾನು ಊರಿಗೆ ಹೋದಾಗ ಬಿಚ್ಚಿ ಗೂಟಕ್ಕೆ ನೇತುಹಾಕಿದ್ದರು. ನನ್ನ ಎಕ್ಸ್‌ರೇ ಕಿಟಕಿಗೆ ಹಿಡಿದು ಅವ್ವನಿಗೆ ಎಲ್ಲಾ ತೋರಿಸಿದೆ; ಕಲ್ಲಿನ ಮೇಲೆ ಬಿದ್ದದ್ದರಿಂದ ಅಲ್ಲ ಅಂತಲೂ ಹೇಳಿದೆ. ಅವಳು ಎದ್ದು ಗೂಟದ ಹತ್ತಿರ ಹೋದಳು. ಆಮೇಲೆ ಬೆಲ್ಟು ತಂದು ನನ್ನ ಕೈಗೆ ಕೊಟ್ಟು, "ನಮ್ಮಕ್ಕ ಇದ್ದಿದ್ರ ಬಿಚ್ಚಾಕ ಬಿಡ್ತಿರಲಿಲ್ಲ" ಅಂದಳು. ನಾನು ಬಿದ್ದ ದಿನ ಅವ್ವ ನಿಮ್ಮ ಜೊತೆ ಮಾತು ಬಿಟ್ಟಾಗಿನಿಂದ ಅದುವರೆಗೆ ನಮ್ಮ ಮನೆಯಲ್ಲಿ ನೀವು ಬರೀ "ಆಕಿ".

ಮನೆಯವರೆಲ್ಲರಿಗೂ ನನ್ನ ನಮಸ್ಕಾರ ತಿಳಿಸಿ. ಎಣ್ಣೆ ಕಳಿಸುವುದು ನಿಲ್ಲಿಸಬೇಡಿ.

ನಿಮ್ಮ ಕೈಯಿಂದ ಜಾರಿಯೂ ಏನೂ ಆಗದ ಮಗಳು,
ಪಲ್ಲವಿ

ತಾ.ಕ.: ಮೆಸ್ ಬೆಲ್ ಹೊಡೆಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ಭಾನುವಾರ ಅವ್ವ ನಿಮ್ಮನ್ನು ಕರೆಯಲು ಕಂಪ್ಲಿ ಬಸ್ಸಿಗೆ ಬರುತ್ತಾಳೆ, ಒಬ್ಬಳೇ. ನಾನು ಬರೆದದ್ದು ಅವಳಿಗೆ ಗೊತ್ತಿಲ್ಲ. "ಯಾವ ಬಾಯಿಲೆ ಕರೀಲಿ" ಅಂತ ಎರಡು ದಿನದಿಂದ ಕೂತಿದ್ದಾಳೆ. ಅವಳು ಬಾಯಿ ತೆರೆಯುವ ಮೊದಲೇ ನೀವು "ಕೂಸು ಹೆಂಗೈತಿ" ಅಂತ ಕೇಳಿಬಿಡಿ. ಚೀಲಕ್ಕೆ ಬಟ್ಟೆ ತುಂಬಿಟ್ಟಿರಿ, ಮೂರು ತಿಂಗಳಿಗೆ ಆಗುವಷ್ಟು.