ತೊಟ್ಟಿಗೆ ಬಿದ್ದ ಅಕ್ಷತೆ

ಪುಣೆ, ಭಾನುವಾರ

ನನ್ನ ಅಕ್ಕರೆಯ ಅತ್ತೆಯವರಿಗೆ ನಿಮ್ಮ ಸೊಸೆ ಪ್ರಣೀತಾಳ ನಮಸ್ಕಾರಗಳು.

ನೀವು ಶಿರೂರಿಗೆ, ಮಾಧುರಿ ಅಕ್ಕನ ಮನೆಗೆ ಹೋಗಿ ಇಂದಿಗೆ ಹನ್ನೊಂದು ದಿನ. ಫೋನು ಮಾಡಿದರೆ ‘ಇರ್ಲಿ ಬಿಡವಾ, ಊಟಾ ಆತೇನು?’ ಎಂದು ಮಾತು ತಿರುಗಿಸುತ್ತೀರಿ. ಕಾಗದದಲ್ಲಾದರೆ ನೀವು ನನ್ನನ್ನು ತಡೆಯಲಾರಿರಿ. ಇಂಗ್ಲಿಷ್ ಶಾಲೆಯ ಹುಡುಗಿಯ ಕನ್ನಡ, ನಗು ಬಂದರೆ ನಕ್ಕುಬಿಡಿ.

ಮದುವೆಯಾಗಿ ಎರಡು ತಿಂಗಳೂ ಆಗಿಲ್ಲ, ನನ್ನ ಕಾಲು ಇನ್ನೂ ನೆಲದ ಮೇಲೆ ನಿಲ್ಲುತ್ತಿಲ್ಲ ಅತ್ತೆ! ನಿಮ್ಮ ಮಗನ ಗಾಡಿಯ ಸದ್ದು ಕೇಳಿದರೆ ಸಾಕು, ಬಾಗಿಲಿಗೆ ಓಡುತ್ತಿದ್ದೆ. ‘ಸಾವಕಾಶ, ಬಿದ್ದಗಿದ್ದೀ’ ಎಂದು ನೀವು ಅಡುಗೆಮನೆಯಿಂದ ನಗುತ್ತಿದ್ದಿರಿ. ಈಗ ಓಡಲು ನಾಚಿಕೆ.

ಜೆಲ್ಲಿಮೀನಿಗಾಗಿ ಆ ದುಂಡನೆಯ ಗಾಜಿನ ತೊಟ್ಟಿಯನ್ನು ಅವರು ಎಷ್ಟು ಆಸೆಯಿಂದ ಸಿದ್ಧಮಾಡಿದ್ದರು! ಶುದ್ಧ ನೀರಿಗೆ ಸಮುದ್ರದ ಉಪ್ಪು ಬೆರೆಸಿ, ಆರು ವಾರ ಬರೀ ನೀರನ್ನೇ ಮೆಲ್ಲಗೆ ಸುತ್ತಿಸುತ್ತಾ ಕಾದರು. ಮೂಲೆ ತಾಗಿದರೆ ಅದರ ಮೈ ಹರಿಯುತ್ತದೆ, ಗಾಳಿಗುಳ್ಳೆ ಹೊಕ್ಕರೂ ಕಷ್ಟ ಎಂದು ನಮ್ಮಿಬ್ಬರಿಗೂ ಪಾಠ ಮಾಡಿದರು. ‘ಎಲುಬಿಲ್ಲ, ತಲಿ ಇಲ್ಲ, ಇವೆಂಥಾ ಬೀಗರೋ ಪ್ರಕಾಶಾ!’ ಎಂದಿರಿ ನೀವು.

ಆದರೂ ಮುಂಬೈಯಿಂದ ಮೂರು ಮರಿಗಳು ಬಂದ ದಿನ ಆರತಿ ತಟ್ಟೆ ಹಿಡಿದು ನಿಂತವರು ನೀವೇ. ಅವರು ಮರಿಗಳನ್ನು ನೀರಿಗೆ ಬಿಟ್ಟು ಸ್ನಾನಕ್ಕೆ ಹೋದರು. ನೀವು ಅಕ್ಷತೆ ಕೊಟ್ಟು ‘ತೊಟ್ಟಿ ಮುಂದ ಹಾಕು’ ಎಂದಿರಿ. ಅಕ್ಷತೆಯೆಂದರೆ ನನಗೆ ನಮ್ಮ ಮದುವೆಯದೇ ನೆನಪು, ಎಲ್ಲರೂ ತಲೆಯ ಮೇಲೆ ಎರಚಿದ್ದು. ಖುಷಿಯಲ್ಲಿ ಮುಚ್ಚಳ ಸರಿಸಿ ಮೇಲಿನಿಂದಲೇ ಹಾಕಿಬಿಟ್ಟೆ! ಅರಿಶಿನ ಹೊಗೆಯಂತೆ ಹರಡಿತು. ‘ಅಯ್ಯ ಹುಚ್ಚವ್ವಾ’ ಎಂದು ನೀವು ಚಹಾ ಸೋಸುವ ಜಾಲರಿಯಲ್ಲಿ ಸಿಕ್ಕಷ್ಟು ಅಕ್ಕಿ ಎತ್ತಿದಿರಿ. ‘ಪ್ರಕಾಶಗ ಹೇಳೂಣು’ ಎಂದಿರಿ. ‘ಬ್ಯಾಡ್ರಿ ಅತ್ತಿ, ಬೈತಾರ’ ಎಂದವಳು ನಾನು.

ಮೂರನೇ ದಿನ ನೀರು ಕದಡಿತು. ಮೂರೂ ಮುದುಡಿ ತಳ ಸೇರಿದವು. ಅವರು ತಳದಿಂದ ಊದಿಕೊಂಡ ಹಳದಿ ಅಕ್ಕಿಕಾಳು ಎತ್ತಿ, ನನ್ನತ್ತ ತಿರುಗಿಯೂ ನೋಡದೆ ನೇರ ನಿಮ್ಮ ಬಳಿ ಬಂದರು. ‘ಅವ್ವಾ, ಎಲ್ಲಾದಕ್ಕೂ ನಿನ್ನ ಪೂಜಾ ಬೇಕೇನು? ಕೊಂದಿ ನೋಡು!’ ನೀವು ಒಮ್ಮೆ ನನ್ನ ಮುಖ ನೋಡಿ, ‘ಹೌದಪಾ, ನನ್ನ ಕೈಲೇ ತಪ್ಪಾತು’ ಎಂದಿರಿ.

ಒಂದು ಮಾತು ಸಾಕಿತ್ತು, ನನ್ನ ಬಾಯಿಂದ ಬರಲಿಲ್ಲ. ಅವರು ಆ ದನಿಯಲ್ಲಿ ನನ್ನೊಡನೆ ಎಂದೂ ಮಾತಾಡಿಲ್ಲ. ಎಂದೂ ಮಾತಾಡದಿರಲಿ ಎಂಬ ದುರಾಸೆ. ಮರುದಿನ ನೀವು ಸೀರೆ ಮಡಚಿಡುವಾಗ ಚೀಲದ ಬಾಯಿ ಹಿಡಿದು ನಿಂತೆ.

ನಿನ್ನೆ ಅವರು, ‘ಹೊಸಾ ಮರಿ ತರ್ಸೂಣು, ಅವ್ವ ಇಲ್ಲದಾಗನ ಛಲೋ’ ಎಂದರು. ಅದಕ್ಕೇ ಇವತ್ತು ಬರೆಯಲು ಕೂತೆ.

ಈ ಪತ್ರವನ್ನು ಅವರ ಕೈಗೇ ಕೊಡುತ್ತೇನೆ. ಓದಿ, ಅವರೇ ಅಂಚೆಗೆ ಹಾಕಬೇಕು. ಇದು ನಿಮ್ಮನ್ನು ಮುಟ್ಟಿದರೆ, ನನಗೆ ಬರಬೇಕಿದ್ದ ಬೈಗುಳ ನನಗೇ ಬಂದಿದೆ ಎಂದು ತಿಳಿಯಿರಿ. ಹೆದರಿಕೆಯಾಗುತ್ತಿದೆ ಅತ್ತೆ. ಆದರೂ ಈ ಸಲ ಫೋನು ಮಾಡಿ ನನ್ನ ಪರವಾಗಿ ಮಾತಾಡಬೇಡಿ.

ದೇವರು ನಿಮ್ಮನ್ನು ನೂರ್ಕಾಲ ಚೆನ್ನಾಗಿಟ್ಟಿರಲಿ.

ನಿಮ್ಮ ಮೇಲೆ ತಪ್ಪು ಹೊರಿಸಿ ಸುಮ್ಮನಿದ್ದ,
ಪ್ರಣೀತಾ