ಮುಚ್ಚಳ ಕೂರದ ನಲವತ್ತು ಟ್ರಂಕು

ಗಾಂಧಿ ಬಜಾರು, ಶಿವಮೊಗ್ಗ
೨೧ ಮೇ ೧೯೫೮, ಬುಧವಾರ

ಮುನಿಸಿಕೊಂಡು ಮದ್ರಾಸಿಗೆ ಹೋಗಿ ಕೂತಿರುವ ನಮ್ಮ ಯಜಮಾನರಿಗೆ ದಾಕ್ಷಾಯಣಿಯ ಶರಣು.

ನಿಮ್ಮ ಕಾಗದ ನಿನ್ನೆ ಬಂತು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಅಲ್ಲಿಯೂ ತಗಡಿನ ಬೆಲೆ ಏರಿಬಿಟ್ಟಿದೆ, ಪರ್ಮಿಟ್ಟಿಲ್ಲದವರನ್ನು ವ್ಯಾಪಾರಿಗಳು ಮೆಟ್ಟಿಲು ಹತ್ತಿಸುವುದಿಲ್ಲ, ಆದ್ದರಿಂದ ನಮ್ಮ ಟ್ರಂಕಿನ ಅಂಗಡಿಯನ್ನು ಪಕ್ಕದ ಬಟ್ಟೆ ಅಂಗಡಿಯವರಿಗೆ ಬಿಟ್ಟು ನಮ್ಮೂರಿನ ಅಡಿಕೆ ಮಂಡಿಯಲ್ಲಿ ತೂಕ ಬರೆಯುವ ಕೆಲಸಕ್ಕೆ ಸೇರುತ್ತೇನೆ, ಭಾನುವಾರ ಒಪ್ಪಿಗೆ ಬರೆದು ಹಾಕುತ್ತೇನೆ ಎಂದಿದ್ದೀರಿ. ಬರೆಯಬೇಡಿ. ಈ ಕಾಗದ ಓದಿ ಮುಗಿಸುವವರೆಗಾದರೂ ತಡೆಯಿರಿ. ಹಾಸ್ಟೆಲಿನವರು ಮಾಡಲು ಹೇಳಿದ ನಲವತ್ತು ಟ್ರಂಕು ಜೂನ್ ಒಂದಕ್ಕೆ ಹೋಗದಿದ್ದರೆ ತಾನೇ ಅಂಗಡಿ ಮುಳುಗುವುದು?

ತಗಡು ಹುಡುಕಲು ಹೊರಟ ದಿನ, ಅಷ್ಟು ಜಗಳದ ಮಧ್ಯೆಯೂ, ಮದ್ರಾಸಿನಿಂದ ನಿನಗೇನು ತರಲಿ ಅಂತ ಕೇಳಿದಿರಿ. ನನಗೇನೂ ಬೇಡ, ತಗಡಿನ ಶೀಟು ತನ್ನಿ ಸಾಕು ಅಂತ ಮುಖ ತಿರುಗಿಸಿದೆ. ಈಗ ಶೀಟೂ ಬೇಡ. ಸಿಕ್ಕಿದೆ.

ನೀವು ಹೋದ ಮೂರನೆಯ ದಿನ ಭದ್ರಾವತಿಗೆ ನನ್ನ ತಮ್ಮ ಉಜ್ಜನಪ್ಪನನ್ನು ಹುಡುಕಿಕೊಂಡು ಹೋದೆ. ಕಬ್ಬಿಣದ ಕಾರ್ಖಾನೆಯಲ್ಲಿ ಹತ್ತು ವರ್ಷದಿಂದ ಇದ್ದಾನಲ್ಲ, ಚೂರುಪಾರು ತಗಡಾದರೂ ಕೊಡಿಸಲಿ ಅಂತ. ಅಕ್ಕಾ, ಇಲ್ಲಿಂದ ಒಂದು ಮೊಳೆ ಹೊರಗೆ ಹೋಗಬೇಕಾದ್ರೂ ಹರಾಜಾಗಬೇಕು, ಅದೂ ಲಾರಿಗಟ್ಟಲೆ ಕೊಳ್ಳೋರಿಗೆ ಅಂದ. ನನ್ನ ಮುಖ ನೋಡಲಾರದೆ, ಬಂದದ್ದು ಬಂದಿದೀಯ, ಕುಲುಮೆಯನ್ನಾದ್ರೂ ನೋಡು ಬಾ ಅಂತ ಪಾಸು ಬರೆಸಿ ಒಳಗೆ ಕರೆದುಕೊಂಡು ಹೋದ.

ಏನಂತ ಬರೆಯಲಿ! ಮನೆ ಎತ್ತರದ ಕುಲುಮೆಯ ಬುಡವನ್ನು ಒಡೆದರು. ಕಬ್ಬಿಣ ನೀರಾಗಿ ಹರಿದು ಬಂತು. ಕೆಂಪಗಿರುತ್ತದೆ ಅಂದುಕೊಂಡಿದ್ದೆ, ಅದು ಬಿಳಿ. ಕಣ್ಣು ಬಿಡಲಾಗದ ಬಿಳಿ. ಮರಳಿನಲ್ಲಿ ತೋಡಿದ ಕಾಲುವೆಗಳಲ್ಲಿ, ತೋಟಕ್ಕೆ ನೀರು ಬಿಟ್ಟ ಹಾಗೆ, ಸದ್ದಿಲ್ಲದೆ ಕವಲೊಡೆದು ಹೋಯಿತು. ನನ್ನ ಕೈ ತಾನಾಗಿ ಮುಗಿಯಿತು. ಉಜ್ಜನಪ್ಪ ನಕ್ಕು, ಅದು ದೇವರಲ್ಲ ಮಾರಾಯ್ತಿ, ಕಬ್ಬಿಣ ಅಂದ. ಸುಮ್ಮನಿರೋ, ಹದಿನೆಂಟು ವರ್ಷ ಇದರಿಂದ ಅನ್ನ ತಿಂದಿದೀನಿ, ಇದರ ಮುಖ ಇವತ್ತೇ ನೋಡಿದ್ದು ಅಂದೆ. ನನಗೆ ಅಳು ಬಂದಿತ್ತು.

ಬರಿಗೈಯಲ್ಲಿ ಬಸ್ಸಿಗೆ ನಡೆಯುವಾಗ ಒಂದು ವೆಲ್ಡಿಂಗ್ ಶೆಡ್ಡು ಸಿಕ್ಕಿತು. ಹಿಂದುಗಡೆ ಬಚ್ಚಲಿಗೆ ಬಾಗಿಲಿನ ಬದಲು ನುಣ್ಣನೆಯ ತಗಡು! ಕಾಲು ಅಲ್ಲೇ ನಿಂತವು. ಕಾರ್ಬೈಡ್ ತುಂಬಿ ಬರುವ ಡ್ರಮ್ಮನ್ನು ಸೀಳಿ ಬಿಡಿಸಿದ್ದಂತೆ. ಅಂಥ ಖಾಲಿ ಡ್ರಮ್ಮುಗಳು ಗೋಡೆಯುದ್ದಕ್ಕೂ ಬಿದ್ದಿದ್ದವು. ಮೇಸ್ತ್ರಿಯ ಹೆಂಡತಿ ಚಿನ್ನಮ್ಮ, ತಕ್ಕೊಂಡು ಹೋಗಮ್ಮಾ, ಹಾವು ಸೇರ್ತದೆ, ಜಾಗ ಖಾಲಿ ಆದ್ರೆ ಸಾಕು ಅಂದಳು. ಹೊಸ ಶೀಟಿನ ಕಾಲು ಪಾಲು ಬೆಲೆಯೂ ಆಗಲಿಲ್ಲ. ಒಣ ಹುಲ್ಲಿನಲ್ಲಿ ಒಳಗಿನ ಪುಡಿ ಒರೆಸಿಬಿಡಿ ಅಂತ ಮೇಸ್ತ್ರಿ ಎರಡು ಸಲ ಹೇಳಿದ.

ಇಲ್ಲಿ ನನ್ನದೊಂದು ತಪ್ಪು. ಹೊರಗಿನಿಂದ ಬಂದ ಯಾವ ಪಾತ್ರೆಯೂ ಮೂರು ಚೊಂಬು ನೀರು ಕಾಣದೆ ಹೊಸ್ತಿಲು ದಾಟಬಾರದು ಅಂತ ನಿಮ್ಮ ಅಮ್ಮನೇ ಕಲಿಸಿದ್ದಲ್ಲವೇ? ಒರೆಸಿದರೆ ಶುದ್ಧವಾಗುತ್ತದೆಯೇ? ಡ್ರಮ್ಮುಗಳು ಗಾಡಿಯಲ್ಲಿ ಮನೆಗೆ ಬಂದ ಸಂಜೆ ಹಿತ್ತಲಲ್ಲಿ ಮೊದಲನೆಯ ಡ್ರಮ್ಮಿಗೆ ನೀರು ಹುಯ್ದೆ. ಒಳಗಿನಿಂದ ಬುಸ್ ಅಂತ ಸದ್ದು. ಚಿನ್ನಮ್ಮ ಹೇಳಿದ ಹಾವೇ ಬಂತು ಅಂತ ಬುಡ್ಡಿದೀಪ ಹಿಡಿದು ಬಗ್ಗಿದೆ.

ಡಬ್ ಅಂತು ನೋಡಿ! ಭದ್ರಾವತಿಯಲ್ಲಿ ಕಂಡ ಅದೇ ಬಿಳಿ ಬೆಳಕು ನಮ್ಮ ಹಿತ್ತಲಲ್ಲಿ ಎದ್ದು ನಿಂತಿತು. ತೆಂಗಿನ ಗರಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಡ್ರಮ್ಮು ಹಾರಿ ಬಟ್ಟೆ ಅಂಗಡಿಯವರ ಮೂರು ಹೆಂಚು ಒಡೆಯಿತು. ನಮ್ಮ ಅಂಗಡಿಯ ಆಳು ಮುದುಕ ಹೊನ್ನಯ್ಯ ಓಡಿ ಬಂದು, ಅವ್ವಾ, ಬಜಾರಿನ ಗ್ಯಾಸ್ ಲೈಟಿಗೆ ಹಾಕೋ ಕಲ್ಲು ಕಣವ್ವಾ ಅದು, ನೀರು ಬಿದ್ರೆ ಗ್ಯಾಸ್ ಬಿಡ್ತದೆ ಅಂತ ತಲೆ ಚಚ್ಚಿಕೊಂಡ. ಹೆದರಿ ಕೂತೆ, ನಿಜ. ಆದರೆ ಆ ಬೆಳಕು ಇನ್ನೂ ಕಣ್ಣಿನಿಂದ ಹೋಗಿಲ್ಲ.

ಮಿಕ್ಕವನ್ನು ಒಣ ಹುಲ್ಲಿನಲ್ಲೇ ಒರೆಸಿ, ಬಿಸಿಲಿಗೆ ಬಾಯಿ ತೆರೆದಿಟ್ಟು, ಉಳಿಯಲ್ಲಿ ಸೀಳಿದೆವು. ಸೀಳಿದೆವು ಅಂದರೆ ನಾನೂ. ತಗಡು ಬಡಿಯುವ ನಿಮ್ಮ ಮರದ ಕೊಡತಿಯನ್ನು ಮುಟ್ಟಿದೆ. ಆಯುಧಪೂಜೆಯಲ್ಲೂ ಹೆಂಗಸರು ದೂರ ನಿಲ್ಲಿ ಅನ್ನುತ್ತೀರಲ್ಲ, ಮುಟ್ಟಿದೆ, ಕೊಡತಿಗೆ ಏನೂ ಆಗಲಿಲ್ಲ. ಏಟಿಗೊಂದಿಷ್ಟು ಅಂಚು ಮಡಿಚಿಕೊಂಡು, ಮೂಲೆ ಎದ್ದು, ಏನೂ ಅಲ್ಲದ್ದು ಪೆಟ್ಟಿಗೆಯಾಗುವುದನ್ನು ನೋಡಿ ನಾನೇ ಬೆರಗಾಗಿ ನಿಂತೆ. ಈ ಸುಖವನ್ನು ಇಷ್ಟು ವರ್ಷ ನೀವೊಬ್ಬರೇ ಅನುಭವಿಸಿದಿರಾ? ಹಳೇ ತಗಡು ಅಂತ ನಿಮ್ಮ ಹೆಸರಿಗೆ ಮಾತು ಬರಬಾರದೆಂದು ಹಾಸ್ಟೆಲಿನ ಯಜ್ಞನಾರಾಯಣ ಮೇಷ್ಟರಿಗೆ ಮೊದಲೇ ತೋರಿಸಿದೆ. ಅವರು ಒಂದರ ಮೇಲೆ ಕೂತು ನೋಡಿ, ಜಗ್ಗಲಿಲ್ಲವಲ್ಲಮ್ಮ, ಇದೇ ಇರಲಿ ಅಂದರು.

ನಲವತ್ತೂ ಆಗಿವೆ. ಮುಚ್ಚಳ ಮಾತ್ರ ಕೂರುತ್ತಿಲ್ಲ. ಒಂದು ಮೂಲೆ ಒತ್ತಿದರೆ ಇನ್ನೊಂದು ಏಳುತ್ತದೆ, ತಗಡಿಗೆ ದುಂಡಗಿದ್ದದ್ದು ಮರೆತಿಲ್ಲ. ಹೊನ್ನಯ್ಯ ಮೂರು ದಿನ ಒದ್ದಾಡಿ, ಇದು ಯಜಮಾನ್ರ ಕೈಗೇ ಬಗ್ಗೋದು ಅಂತ ಬೀಡಿ ಹಚ್ಚಿದ. ನನಗೆ ಹೊಟ್ಟೆಕಿಚ್ಚಾಯಿತು, ಆದರೆ ಅವನು ಹೇಳಿದ್ದು ಸರಿ. ಇನ್ನು ಹತ್ತೇ ದಿನ ಇದೆ. ತೂಕ ಬರೆಯುವುದಕ್ಕೆ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಬನ್ನಿ.

ಇತಿ,
ನಿಮ್ಮ ಕೊಡತಿ ಮುಟ್ಟಿದ
ದಾಕ್ಷಾಯಣಿ

ವಿ.ಸೂ.: ಯಾರಿಗೂ ಏನೂ ಆಗಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ನನ್ನ ಹುಬ್ಬು ಎರಡೂ ಸುಟ್ಟುಹೋಗಿವೆ, ನೋಡಿ ನಗಬೇಡಿ. ಬಲಗೈ ಮಣಿಕಟ್ಟು ಬೆಂದು ಊದಿಕೊಂಡಾಗ ಬಳೆಗಳನ್ನು ಒಡೆದೇ ತೆಗೆಯಬೇಕಾಯಿತು. ಗಂಡ ಊರಲ್ಲಿಲ್ಲದಾಗ ಬರಿಗೈ ಅಂತ ನಿಮ್ಮ ಅಮ್ಮ ದಿನಾ ಅಳುತ್ತಾರೆ. ಈಗ ವಾಸಿಯಾಗಿದೆ, ಆದರೆ ಬಳೆಗಾರನನ್ನು ಎರಡು ಸಲ ವಾಪಸು ಕಳಿಸಿದೆ. ಮದ್ರಾಸಿನಿಂದ ಏನು ತರಲಿ ಅಂತ ಕೇಳಿದ್ದಿರಲ್ಲ? ಒಂದು ಡಜನ್ ಹಸಿರು ಗಾಜಿನ ಬಳೆ ತನ್ನಿ. ಅಳತೆ ನಿಮಗೆ ಗೊತ್ತು.